ಅಳೆದು ಕೊಟ್ಟ ಮಾತು

ಗಲ್ಲಕ್ಕೆ ಸೋಪು ಹಚ್ಚಿ ಕತ್ತಿ ಹಿಡಿದ ಮೇಲೆ ಜಯರಾಮಯ್ಯನಿಗೆ ತಾನು ಎಣಿಸುತ್ತಿದ್ದೇನೆಂಬುದು ಗೊತ್ತಾಯಿತು. ಥರ್, ಮಾ, ಮೀ, ಟರ್. ಕಿವಿಯ ಬುಡದಿಂದ ದವಡೆಯ ತನಕ ಕತ್ತಿ ನಾಲ್ಕು ಎಳೆತದಲ್ಲಿ ಇಳಿಯುತ್ತಿತ್ತು. ಮೂರನೆಯ ಎಳೆತಕ್ಕೆ ಕೈ ತಾನಾಗಿಯೇ ಭಾರ ಬಿಡುತ್ತಿತ್ತು. ನಿಲ್ಲಿಸಿ, ಕನ್ನಡಿಯನ್ನು ಕಿಟಕಿಯ ಕಡೆಗೆ ತಿರುಗಿಸಿ, ಇನ್ನೊಂದು ಗಲ್ಲದಿಂದ ಶುರುಮಾಡಿದ. ಅಲ್ಲೂ ಮೂರನೆಯದಕ್ಕೇ ಭಾರ ಬಿತ್ತು. ನೊರೆಯ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿ, ನೋಡುತ್ತಿದ್ದಂತೆ ಅಗಲವಾಯಿತು. ನೋವೇನೂ ಇರಲಿಲ್ಲ. ನೋವಿಲ್ಲವೆಂಬುದೇ ಅವನಿಗೆ ಒಂದು ಬಗೆಯ ಅನ್ಯಾಯದಂತೆ ಕಂಡಿತು.

"ರೀ, ರಕ್ತ ಬರ್ತಾ ಇದೆ," ಎಂದಳು ಹೆಂಡತಿ ಜಗದಾಂಬ, ಅಡಿಗೆಮನೆಯ ಬಾಗಿಲಲ್ಲಿ ನಿಂತು. "ಮನಸ್ಸೆಲ್ಲಿಟ್ಕೊಂಡು ಕತ್ತಿ ಹಿಡಿದಿದೀರಿ? ಇವತ್ತೇ ಅಲ್ವಾ ಕೊಡಿಗೇನಹಳ್ಳಿ ಹುಡುಗಿ ಬೆಂಗಳೂರಿಂದ ಬರೋದು?"

"ಇರಬೇಕು."

"ಇರಬೇಕೇನು, ವಾರದಿಂದ ದಿನ ಎಣಿಸ್ತಾ ಇದೀರಿ. ಸೀಟು ಸಿಕ್ಕಿದ್ರೆ ಅಪ್ಪನ್ನೂ ಮಗಳನ್ನೂ ಮನೆಗೇ ಕರ್ಕೊಂಡ್ಬನ್ನಿ. ಒಂದು ಪಾವು ಶಾವಿಗೆ ಇದೆ, ಪಾಯಸ ಮಾಡ್ತೀನಿ."

"ಸಿಗದಿದ್ದರೆ?"

"ಸಿಗದೆ ಏನು? ನೀವು ಕಲಿಸಿದೀರಲ್ಲ," ಎಂದು ಜಗದಾಂಬ ಒಳಗೆ ಹೋದಳು. ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವನು ಏನಾದರೂ ಉತ್ತರ ಕೊಡಬಹುದಿತ್ತು.

ಶಾಲೆಗೆ ನಡೆಯುವಾಗ ಮಧುಗಿರಿಯ ಬಂಡೆ ಆಗಲೇ ಕಾವು ಬಿಡುತ್ತಿತ್ತು. ಯುಗಾದಿಗೆ ಇನ್ನು ಎರಡು ವಾರ. ಇಷ್ಟು ಹೊತ್ತಿಗೆ ಆ ಅಪ್ಪ ಮಗಳು ತುಮಕೂರಿನಲ್ಲಿ ಬಸ್ಸು ಹತ್ತಿರಬೇಕು. ಯುದ್ಧ ಶುರುವಾಗಿ ಪೆಟ್ರೋಲು ಸಿಗದೆ ಹೋದ ಮೇಲೆ ಇದ್ದಿಲು ಸುಟ್ಟು ಓಡುವ ಆ ಬಸ್ಸು ಕೊರಟಗೆರೆಯ ಏರಿನಲ್ಲಿ ಒಮ್ಮೆ ಕೆಡುತ್ತದೆ, ಜನ ಇಳಿದು ತಳ್ಳುತ್ತಾರೆ, ಹನ್ನೊಂದೂವರೆಗೆ ಇಲ್ಲಿಗೆ ಮುಟ್ಟುತ್ತದೆ. ಕೊರಟಗೆರೆ ಎಂದು ನೆನೆದದ್ದೇ ತಪ್ಪಾಯಿತು. ಡಿಸೆಂಬರಿನಲ್ಲಿ ಅಲ್ಲಿಯ ಉಪಾಧ್ಯಾಯರ ಸಮ್ಮೇಳನದಲ್ಲಿ ಅವನು ಪ್ರಬಂಧ ಓದಿದ್ದ: ಉದ್ದದ ಇಂಗ್ಲಿಷ್ ಶಬ್ದಗಳನ್ನು ತುಂಡು ಮಾಡುವ, ಒತ್ತು ಎಲ್ಲಿ ಬೀಳುತ್ತದೆಂದು ಕಂಡುಹಿಡಿಯುವ ಒಂದು ಶಾಸ್ತ್ರೀಯ ವಿಧಾನ. ಮೇಜಿನ ಅಂಚಿಗೆ ದಾರ ಕಟ್ಟಿ, ದಾರದ ತುದಿಗೆ ಸೀಸದ ಗುಂಡು ತೂಗುಬಿಟ್ಟಿದ್ದ. ದಾರದ ಉದ್ದ ಇಪ್ಪತ್ತೈದು ಸೆಂಟಿಮೀಟರ್ ಇದ್ದರೆ ಒಂದು ತೂಗಿಗೆ ಅರ್ಧ ಸೆಕೆಂಡು. ಒಂದು ತೂಗಿಗೆ ಒಂದು ತುಂಡು. ಒತ್ತಿನ ತುಂಡು ಬಂದಾಗ ಮೇಜಿಗೆ ರೂಲುಕಡ್ಡಿಯ ಏಟು. ಮುಂದಿನ ಸಾಲಿನಲ್ಲಿದ್ದ ಇನ್‌ಸ್ಪೆಕ್ಟರು ತಾವೂ ಮೊಣಕಾಲ ಮೇಲೆ ಬೆರಳು ಬಡಿದುಕೊಂಡು ಎಜುಕೇಷನ್, ಎಗ್ಸಾಮಿನೇಷನ್, ಆಪರೇಷನ್ ಎಂದು ಹೇಳಿ ನೋಡಿ ನಕ್ಕಿದ್ದರು. ಚಪ್ಪಾಳೆಯಾಗಿತ್ತು. ಅದು ಎಷ್ಟು ಹೊತ್ತು ನಡೆಯಿತೆಂದು ಜಯರಾಮಯ್ಯ ಗುಂಡಿನ ತೂಗಿನಲ್ಲಿ ಎಣಿಸಿದ್ದ. ಇಪ್ಪತ್ತೊಂದು ತೂಗು.

ವಿಧಾನ ಹುಟ್ಟಿದ್ದು ಭಯದಿಂದ. ಅವನು ಕಲಿತದ್ದು ಭೌತಶಾಸ್ತ್ರ. ಇಂಗ್ಲಿಷಿನ ಮೇಷ್ಟರಿಗೆ ಪಾವಗಡಕ್ಕೆ ವರ್ಗವಾಗಿ, ಅವರ ಜಾಗಕ್ಕೆ ಯಾರೂ ಬಾರದೆ, ಹೆಡ್‌ಮಾಸ್ಟರು ಒಂದು ದಿನ ಅವನ ಹೆಗಲ ಮೇಲೆ ಕೈಯಿಟ್ಟು ನಾಲ್ಕನೆಯ ಫಾರಮ್ಮಿನ ಹುಡುಗರ ಇಂಗ್ಲಿಷನ್ನೂ ನೋಡಿಕೊಳ್ಳಿ ಎಂದಿದ್ದರು. ಸಣ್ಣ ಶಬ್ದಗಳಿಗೆ ಅವನು ಹೆದರುತ್ತಿರಲಿಲ್ಲ. ಉದ್ದದ ಶಬ್ದ ಎದುರಾದರೆ ನಾಲಿಗೆ ಕತ್ತಲೆಯಲ್ಲಿ ಮೆಟ್ಟಿಲು ಹುಡುಕುವ ಕಾಲಿನಂತಾಗುತ್ತಿತ್ತು. ಹದಿನೇಳು ವರ್ಷದ ಹಿಂದೆ, ಬೆಂಗಳೂರಿನ ಕಾಲೇಜಿನಲ್ಲಿ, ಪ್ರಯೋಗಪರೀಕ್ಷೆಯ ಕೊನೆಗೆ, ಬಿಳಿಯ ಪ್ರೊಫೆಸರು ಗೋಡೆಯ ಮೇಲಿದ್ದ ಉಪಕರಣ ತೋರಿಸಿ ಅದರ ಹೆಸರು ಕೇಳಿದ್ದರು. ಬ್ಯಾರೋಮೀಟರ್ ಎಂದಿದ್ದ. ಇನ್ನೊಮ್ಮೆ ಎಂದರು. ಹೇಳಿದ. ಇನ್ನೊಮ್ಮೆ ಎಂದರು. ಹೇಳಿದ. ಮೂರನೆಯ ಸಲ ಅವರು ತಲೆ ಬಗ್ಗಿಸಿ ಮೀಸೆಯಡಿಯಲ್ಲಿ ನಕ್ಕು, ಸಾಕು, ಹೋಗು ಎಂದು ಕೈಯಾಡಿಸಿದರು. ಸಿರಾ ಸೀಮೆಯ ಒಕ್ಕಲಿನ ಮನೆಯಿಂದ ಬಂದ ಹುಡುಗ, ಕಾಲಿಗೆ ಆಗತಾನೆ ಷೂ ಹಾಕಿಕೊಂಡವನು, ಎಲ್ಲಿ ತಪ್ಪಿದೆನೆಂದು ಕೇಳುವ ಧೈರ್ಯವಿಲ್ಲದೆ ಹೊರಗೆ ಬಂದಿದ್ದ. ಹೆಸರು ಸರಿಯಾಗಿತ್ತು. ಉಪಕರಣ ಅದೇ ಆಗಿತ್ತು. ಮತ್ತೆ ನಕ್ಕದ್ದು ಏತಕ್ಕೆ? ಆ ಪ್ರಶ್ನೆಯನ್ನು ಅವನು ಮದುವೆಯ ಮಂಟಪದಲ್ಲಿ ಕೂಡ ಒಂದು ಗಳಿಗೆ ಕೇಳಿಕೊಂಡದ್ದುಂಟು. ಆಮೇಲೆ, ಹೋದ ವರ್ಷ, ಪಕ್ಕದ ಕೊಠಡಿಯಲ್ಲಿ ಕನ್ನಡ ಪಂಡಿತರಾದ ಮರುಳಸಿದ್ದಯ್ಯನವರು ಪದ್ಯಕ್ಕೆ ಲಘು ಗುರು ಹಾಕಿಸುತ್ತಿದ್ದುದನ್ನು ಗೋಡೆಯಾಚೆಯಿಂದ ಕೇಳುತ್ತಿದ್ದವನಿಗೆ ಮೈ ಜುಮ್ಮೆಂದಿತು. ಇಂಗ್ಲಿಷ್ ಶಬ್ದವನ್ನು ಕನ್ನಡದಲ್ಲಿ ಬರೆದುಕೊಂಡರೆ ಅದಕ್ಕೂ ಲಘು ಗುರು ಬೀಳುತ್ತದೆ. ಪಾಠದ ಪುಸ್ತಕದಿಂದ ನಲವತ್ತು ಶಬ್ದ ಆರಿಸಿ, ಹಳೆಯ ಇಂಗ್ಲಿಷ್ ಮೇಷ್ಟರು ಹೇಳುತ್ತಿದ್ದುದನ್ನು ನೆನಪು ಮಾಡಿಕೊಂಡು, ತಾಳೆ ನೋಡಿದ. ಕೊನೆಯಿಂದ ಎರಡನೆಯ ಗುರುವಿನ ಮೇಲೆ ಒತ್ತು. ಮೂವತ್ತೆಂಟು ಶಬ್ದಕ್ಕೆ ಸರಿಹೋಯಿತು. ಆ ನಲವತ್ತರಲ್ಲಿ ಮೂವತ್ತೊಂದು ಶಬ್ದಗಳು ಷನ್ ಎಂದೇ ಮುಗಿಯುತ್ತಿದ್ದವು ಎಂಬುದು ವಿಜ್ಞಾನ ಓದಿದವನ ಕಣ್ಣಿಗೆ ಅಂದು ಬೀಳಲಿಲ್ಲ. ಒಂದೇ ಬಾವಿಯಿಂದ ನಲವತ್ತು ಬಿಂದಿಗೆ ಸೇದಿ ಊರಿನ ನೀರೆಲ್ಲ ಸಿಹಿ ಎಂದು ಬರೆದಿಟ್ಟಿದ್ದ.

ಓಬಳಮ್ಮ ಬಂದದ್ದು ಅದೇ ದಿನಗಳಲ್ಲಿ, ಅವರೆಕಾಯಿಯ ಕಾಲ ಶುರುವಾದಾಗ. ಅವಳ ಅಪ್ಪ ಪಾಲಣ್ಣ ಕೊಡಿಗೇನಹಳ್ಳಿಯಲ್ಲಿ ಹೊಲವಿದ್ದವನು. ಮದುವೆಯಾದ ವರ್ಷಕ್ಕೇ ಅವಳ ಗಂಡ ವಿಷಮಜ್ವರದಲ್ಲಿ ಹೋಗಿ, ಹತ್ತೊಂಬತ್ತಕ್ಕೇ ತೌರಿಗೆ ವಾಪಸು ಬಂದಿದ್ದಳು. ಮದುವೆಗೆ ಮುಂಚೆ ಲೋಯರ್ ಸೆಕೆಂಡರಿ ಪಾಸು ಮಾಡಿದ್ದಳು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನರ್ಸುಗಳ ತರಬೇತಿಗೆ ಹೆಣ್ಣುಮಕ್ಕಳನ್ನು ಆರಿಸುತ್ತಾರೆಂದು ಯಾರೋ ಹೇಳಿದ್ದರು. ಇಂಗ್ಲಿಷಿನಲ್ಲಿ ಮಾತಾಡಿಸಿ ನೋಡುತ್ತಾರಂತೆ. "ನನ್ನ ಗಂಡನ್ನ ನೋಡಕ್ಕೆ ಬಂದ ಡಾಕ್ಟ್ರು ಬಗಲಿಗೆ ಒಂದ್ ಗಾಜಿನ ಕಡ್ಡಿ ಇಟ್ರು ಸಾ," ಎಂದಿದ್ದಳು ಮೊದಲ ದಿನವೇ, ಕಣ್ಣು ತಗ್ಗಿಸದೆ. "ಎತ್ತಿ ನೋಡಿ ತಲೆ ಆಡ್ಸಿ ಒರೆಸಿ ಇಟ್ಕೊಂಡ್ರು. ಅದ್ರಾಗೆ ಏನ್ ಬರ್ದಿತ್ತೋ ನಮಗ್ಯಾರಿಗೂ ಹೇಳ್ಲಿಲ್ಲ. ಅದನ್ನ ಓದಕ್ಕೆ ಕಲೀಬೇಕು ನಾನು." ಪಾಲಣ್ಣ ಒಂದು ಮಾತು ಸೇರಿಸಿದ್ದ: ಸೀಟು ಸಿಕ್ಕಿದರೆ ಕಳಿಸುತ್ತೇನೆ, ಸಿಗದಿದ್ದರೆ ಯುಗಾದಿ ಕಳೆದ ಮೇಲೆ ಕೂಡಿಕೆ ಮದುವೆ, ಸಿರಾದ ತಾವರೆಕೆರೆಯಲ್ಲಿ ಒಂದು ಮನೆ ಕೇಳಿದ್ದಾರೆ, ದೊಡ್ಡರಂಗಪ್ಪ ಅಂತ, ಐವತ್ತಾದರೂ ಗಟ್ಟಿಗ, ನಾಕು ಮಕ್ಕಳವೆ. ಆ ಹೆಸರು ಜಯರಾಮಯ್ಯನಿಗೆ ಗೊತ್ತಿತ್ತು. ತಾವರೆಕೆರೆ ಅವನ ಸೋದರಮಾವನ ಊರು. ದೊಡ್ಡರಂಗಪ್ಪನ ಮನೆ ಎದುರಿನದು. ಕೆಟ್ಟವನೆಂದು ಯಾರೂ ಹೇಳುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಮನೆಯ ಹೆಂಗಸರನ್ನು ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. ಊಟಕ್ಕೆ ಬಂದು ಜಗಲಿಯ ಮೇಲೆ ಕೂತು, ಬಾಗಿಲ ಚೌಕಟ್ಟಿಗೆ ಕೋಲಿನಿಂದ ಎರಡು ಏಟು ಹಾಕುತ್ತಿದ್ದ. ಒಂದು ಮೆಲ್ಲಗೆ, ಒಂದು ಜೋರಾಗಿ. ಒಳಗಿನಿಂದ ಯಾರೋ ಎದ್ದು ತಣಿಗೆ ಹಿಡಿದು ಬರುತ್ತಿದ್ದರು. ಮೊದಲ ಹೆಂಡತಿ, ಅವಳು ಸತ್ತ ಮೇಲೆ ಎರಡನೆಯವಳು; ಈಗ ಅವಳೂ ಇಲ್ಲ. ಏಟು ಬದಲಾಗಿರಲಿಲ್ಲ.

ಅಂದಿನಿಂದ ವಾರಕ್ಕೆರಡು ಸಲ, ಸಂತೆಗಾಡಿಯಲ್ಲೋ ಬಸ್ಸಿನಲ್ಲೋ ಬಂದು, ಸ್ಕೂಲು ಬಿಟ್ಟ ಮೇಲೆ ಸೈನ್ಸ್ ರೂಮಿನಲ್ಲಿ ಅಪ್ಪನನ್ನು ಬಾಗಿಲಲ್ಲಿ ಕೂಡಿಸಿ ಅವಳು ಕಲಿತಳು. ಅಷ್ಟು ಚೆನ್ನಾಗಿ ಕಲಿತವರನ್ನು ಅವನು ಕಂಡಿರಲಿಲ್ಲ. ಒಂದು ಸೀಸದ ಗುಂಡನ್ನು ದಾರಸಮೇತ ಅವಳಿಗೇ ಕೊಟ್ಟಿದ್ದ. ಅಣ್ಣನ ಮಗುವಿನ ತೊಟ್ಟಿಲು ಬಿಚ್ಚಿದ ಕೊಂಡಿಗೆ ಅದನ್ನು ಕಟ್ಟಿ, ರಾಗಿ ಬೀಸುತ್ತ, ಬೀಸುವ ಕಲ್ಲಿನ ಸುತ್ತಿಗೂ ಗುಂಡಿನ ತೂಗಿಗೂ ಹೊಂದಿಸಿ ಶಬ್ದಗಳನ್ನು ಹೇಳುತ್ತಾಳೆಂದು ಪಾಲಣ್ಣ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. "ಎಲ್ಲಾ ಮೇಷ್ಟ್ರೂ ಬಾಯಲ್ಲಿ ಹೇಳ್ಕೊಡ್ತಾರೆ ಕಣ್ಲಾ, ನಮ್ಮ ಮೇಷ್ಟ್ರು ಅಳ್ದು ಕೊಡ್ತಾರೆ."

ಜನವರಿಯ ಕೊನೆಗೆ ಶಾಲೆಗೆ ಪುಸ್ತಕದ ಪಾರ್ಸೆಲ್ಲು ಬಂದಿತ್ತು. ಅದರಲ್ಲಿ ಒಂದು ಉಚ್ಚಾರಣೆಯ ನಿಘಂಟು. ಒತ್ತು ಬೀಳುವ ತುಂಡಿನ ಮುಂದೆ, ನೆತ್ತಿಯ ಬಳಿ, ಒಂದು ಸಣ್ಣ ನೆಟ್ಟಗಿನ ಗೀಟು ಹಾಕಿದ್ದರು. ಜಯರಾಮಯ್ಯ ಸಂತೋಷದಿಂದಲೇ ಅದನ್ನು ಸೈನ್ಸ್ ರೂಮಿಗೆ ಒಯ್ದಿದ್ದ. ತನ್ನ ನಿಯಮಕ್ಕೆ ಅಚ್ಚಿನ ಸಾಕ್ಷಿ ಸಿಗುತ್ತದೆ ಎಂದು. ಮೊದಲು ತೆಗೆದದ್ದು ಬ್ಯಾರೋಮೀಟರನ್ನು. ಗೀಟು ಮೂರನೆಯ ತುಂಡಿನ ಮುಂದೆ ಇರಲಿಲ್ಲ. ಎರಡನೆಯದರ ಮುಂದೆ ಇತ್ತು. ಮುದ್ರಣದ ತಪ್ಪಿರಬೇಕೆಂದು ಥರ್ಮಾಮೀಟರನ್ನು ತೆಗೆದ. ಅಲ್ಲೂ ಎರಡನೆಯದು. ಟೆಂಪರೇಚರಿಗೆ ಮೊದಲನೆಯದು. ಹದಿನೇಳು ವರ್ಷದ ಹಿಂದಿನ ಆ ನಗು, ಉತ್ತರವಿಲ್ಲದೆ ಎದೆಯಲ್ಲಿ ಉಳಿದಿದ್ದದ್ದು, ಈಗ ಒಂದು ಕಡ್ಡಿಯಷ್ಟು ಗೀಟಾಗಿ ಪುಟದ ಮೇಲೆ ನಿಂತಿತ್ತು. ಕುಳಿತು ತನ್ನ ಪಟ್ಟಿಯ ಇನ್ನೂರ ನಲವತ್ತು ಶಬ್ದಗಳನ್ನೂ ಒಂದೊಂದಾಗಿ ತಾಳೆ ನೋಡಿದ. ನೂರಾ ಒಂದು ತಪ್ಪು. ನೂರಕ್ಕೆ ನಲವತ್ತೆರಡು. ನೂರಕ್ಕೆ ಎರಡು ತಪ್ಪಿದರೆ ಉಪಕರಣದ ದೋಷ ಎನ್ನಬಹುದು. ನಲವತ್ತೆರಡು ತಪ್ಪಿದರೆ ಅದು ಪ್ರಯೋಗ ಮಾಡಿದವನ ದೋಷ. ಪುಸ್ತಕವನ್ನು ಬೀರುವಿನಲ್ಲಿ ಗಾಜಿನ ಬೆಲ್‌ಜಾರಿನ ಹಿಂದೆ ಇಟ್ಟು ಬೀಗ ಹಾಕಿದ. ಮರುದಿನ ಓಬಳಮ್ಮ ಬಂದಾಗ ಹೇಳಿಬಿಡುವುದೆಂದು ತೀರ್ಮಾನಿಸಿಕೊಂಡಿದ್ದ. ಪಾಲಣ್ಣ ಒಂದು ಬುಟ್ಟಿ ದಾಳಿಂಬೆ ಹೊತ್ತು ತಂದು, ಹೆಡ್‌ಮಾಸ್ಟರ ಎದುರಿಗೇ ಅವನ ಕಾಲ ಬಳಿ ಇಟ್ಟು, ಈ ಮಗಳಿಗೆ ಎರಡನೇ ಜನ್ಮ ಕೊಟ್ಟವರು ನೀವು ಎಂದ. ಆ ದಿನ ಆಗಲಿಲ್ಲ. ಆಮೇಲೆ ಪ್ರತಿ ಸಲವೂ, ಮುಂದಿನ ಸಲ ಎಂದುಕೊಂಡ. ಅಲ್ಲದೆ, ನರ್ಸಿನ ಕೆಲಸಕ್ಕೆ ಒತ್ತು ಯಾರು ನೋಡುತ್ತಾರೆ, ಅಕ್ಷರ ನೋಡುತ್ತಾರೆ, ನಡತೆ ನೋಡುತ್ತಾರೆ ಎಂದು ತನಗೆ ತಾನೇ ವಾದ ಹೂಡಿದ. ವಾದ ಚೆನ್ನಾಗಿಯೇ ಇತ್ತು. ಎರಡು ತಿಂಗಳು ಗುಂಡು ತೂಗಿತು. ಅವಳು ಥರ್ಮಾಮೀಟರ್ ಎನ್ನುವಾಗ ಅವನು ಮೂರನೆಯ ತುಂಡಿಗೆ ಸರಿಯಾಗಿ ಏಟು ಹಾಕಿದ.

ಹನ್ನೊಂದರ ಹೊತ್ತಿಗೆ ಪಾಠವಿಲ್ಲದೆ ಸೈನ್ಸ್ ರೂಮಿನಲ್ಲಿ ಕುಳಿತಿದ್ದಾಗ ಮರುಳಸಿದ್ದಯ್ಯನವರು ಒಂದು ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ಬಂದರು. ಲೈಬ್ರರಿಯ ಜವಾಬ್ದಾರಿಯೂ ಅವರದೇ.

"ಏನ್ರೀ ಜಯರಾಮಯ್ಯನೋರೆ, ಗಲ್ಲಕ್ಕೂ ಗಣವಿಭಾಗ ಮಾಡ್ಕೊಂಡು ಬಂದಿದೀರಲ್ಲ!" ಎಂದು ನಕ್ಕರು. "ವರ್ಷದ ಕೊನೆ, ಪುಸ್ತಕ ಎಣಿಸ್ತಾ ಇದೀನಿ. ಒಂದು ನಿಘಂಟು ಕಾಣೋದಿಲ್ಲ. ಜನವರೀಲಿ ಬಂದದ್ದು. ಅಟೆಂಡರು ಅಡವಯ್ಯನ್ನ ಕೇಳಿದ್ರೆ ಸೈನ್ಸ್ ಮೇಷ್ಟ್ರು ಒಯ್ದ ಹಾಗಿತ್ತು ಅಂತಾನೆ."

"ನೋಡಿದ್ದೆ. ವಾಪಸು ಇಟ್ಟಿದ್ದೆನಲ್ಲ."

"ಇಟ್ಟಿರ್ತೀರಿ, ಇಟ್ಟಿರ್ತೀರಿ. ಇಲಿ ಇಂಗ್ಲಿಷ್ ಕಲಿಯೋದಕ್ಕೆ ಹೊತ್ಕೊಂಡು ಹೋಗಿರಬೇಕು," ಎಂದು ಪಂಡಿತರು ಹೊರಟರು. ಜೇಬಿನಲ್ಲಿ ಬೀರುವಿನ ಬೀಗದ ಕೈ ತೊಡೆಗೆ ಒತ್ತುತ್ತಿತ್ತು. ಇಷ್ಟು ಸುಲಭವಾಗಿ ಸುಳ್ಳು ಬಂತಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ಅದಕ್ಕೆ ಒತ್ತೇ ಬೇಕಿರಲಿಲ್ಲ. ಅಷ್ಟರಲ್ಲಿ ದೂರದಲ್ಲಿ ಬಸ್ಸು ಉಬ್ಬಸ ಬಿಡುತ್ತ ಬರುವುದು ಕೇಳಿಸಿತು. ಕಿಟಕಿಯಿಂದ ನೋಡಬಾರದೆಂದು ಗೋಡೆಯ ಕಡೆ ತಿರುಗಿ ಕೂತ. ಗೋಡೆಯ ಮೇಲೆ ಬ್ಯಾರೋಮೀಟರಿತ್ತು.

ಪಾಲಣ್ಣನೇ ಮೊದಲು ಒಳಗೆ ಬಂದ. ಇದ್ದಿಲಿನ ಹೊಗೆಗೆ ರುಮಾಲು ಕಪ್ಪಾಗಿತ್ತು. ಹಿಂದೆ ಓಬಳಮ್ಮ, ಕೈಯಲ್ಲಿ ಬಟ್ಟೆಯ ಗಂಟು.

"ಕೈಗೆ ಹತ್ತಲಿಲ್ಲ ಬುಡಿ ಸಾಮಿ," ಎಂದ ಪಾಲಣ್ಣ.

"ಅಪ್ಪಯ್ಯ, ಹೇಳೋದಾದ್ರೆ ಪೂರ್ತಿ ಹೇಳು. ಎಂಟು ದಿನ ಬುಟ್ಟು ಇನ್ನೊಂದ್ ಸಲ ಬಾ ಅಂದವ್ರೆ."

"ಯಾಕೆ ಬಾ ಅಂದವ್ರೆ, ಅದ್ನೂ ನೀನೇ ಹೇಳವ್ವ. ನನ್ ಬಾಯಲ್ಲಿ ಬರಾಕಿಲ್ಲ."

ಜಯರಾಮಯ್ಯ ಸ್ಟೂಲು ತೋರಿಸಿದ. ಅವಳು ಕೂರಲಿಲ್ಲ. ಅವಳ ಮುಖದಲ್ಲಿ ಅಳುವಿರಲಿಲ್ಲ. ಲೆಕ್ಕ ತಾಳೆಯಾಗದವಳ ಗಂಟುಹುಬ್ಬಿತ್ತು.

"ಬರೆಸಿದ್ರು ಸಾ, ಚೆನ್ನಾಗೈತೆ ಅಂದ್ರು. ಲೆಕ್ಕ ಕೊಟ್ರು, ಮಾಡ್ದೆ. ಆಮ್ಯಾಕೆ ದೊರೆಸಾನಿ ಒಂದು ಗಾಜಿನ ಕಡ್ಡಿ ಎತ್ಕೊಂಡು ಇದೇನು ಅಂದ್ರು. ನಂಗೆ ಜೀವ ಬಂದಂಗಾಯ್ತು. ಇನ್ನೇನ್ ಕೇಳಿದ್ರೂ ಎದ್ರುತಿದ್ನೇನೋ, ಅದನ್ನೇ ಕೇಳಬೇಕಾ! ನೀವು ಹೇಳ್ಕೊಟ್ಟಂಗೇ ಹೇಳ್ದೆ." ಅವಳು ಅಲ್ಲೇ ನಿಂತು ಮತ್ತೆ ಹೇಳಿದಳು. ಥರ್, ಮಾ, ಮೀ, ಟರ್. ಬಲಗಾಲಿನ ಹೆಬ್ಬೆರಳು ಮೂರನೆಯದಕ್ಕೆ ಎದ್ದು ನೆಲಕ್ಕೆ ಬಡಿಯಿತು. ಅರ್ಧ ಸೆಕೆಂಡಿಗೆ ಒಂದು ತುಂಡು. ಗುಂಡಿಲ್ಲದೆಯೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. "ಅವ್ರು ಕಿವಿಗೆ ಕೈ ಹಿಡ್ಕೊಂಡ್ರು. ಇನ್ನೊಂದ್ ಸಲ ಅಂದ್ರು. ಹೇಳ್ದೆ. ಇನ್ನೊಂದ್ ಸಲ ಅಂದ್ರು. ಮೂರನೇ ಸಲಕ್ಕೆ ಪಕ್ಕದಲ್ಲಿದ್ದ ಡಾಕ್ಟ್ರು ಬಾಯಿಗೆ ಕರ್ಚೀಪು ಇಟ್ಕೊಂಡ್ರು. ಕೆಮ್ಮು ಬಂತೇನೋ ಅಂದ್ಕಂಡೆ."

ಜಯರಾಮಯ್ಯ ಮೇಜಿನ ಅಂಚನ್ನು ಹಿಡಿದುಕೊಂಡ. ಮೀಸೆಯಡಿಯ ನಗು. ಸಾಕು, ಹೋಗು ಎಂಬ ಕೈ. ಅದು ಇವಳ ಮೇಲೆ ಬಂದದ್ದು ಎಲ್ಲಿಂದಲೋ ಅಲ್ಲ, ತನ್ನಿಂದ. ತಾನು ಅದನ್ನು ಹದಿನೇಳು ವರ್ಷ ಕೆಡದಂತೆ ಇಟ್ಟುಕೊಂಡಿದ್ದು, ದಾರ ಕಟ್ಟಿ ಇವಳ ಕೈಗೆ ಕೊಟ್ಟು ಕಳಿಸಿದ್ದ.

"ಒಂದು ಹಾಳೆ ಓದಿಸಿದ್ರು," ಎಂದು ಅವಳು ಮುಂದುವರಿಸಿದಳು. "ಆಮ್ಯಾಕೆ ಅವ್ರ ಕನ್ನಡದ ಗುಮಾಸ್ತೆ ಹತ್ರ ಹೇಳಿಸಿದ್ರು. ಈ ಹುಡುಗಿ ಬುದ್ಧಿವಂತೆ, ಬೇಕು ನಮಗೆ, ಆದ್ರೆ ಇವಳು ಡಾಕ್ಟರಿಗೆ ಫೋನಿನಲ್ಲಿ ಹೇಳಿದ್ದು ಅವರಿಗೆ ತಿಳೀದೆ ಹೋದ್ರೆ ರೋಗಿ ಸತ್ತೋಗ್ತಾನೆ. ಎರಡು ಜಾಗ ಉಳಿಸ್ಕೊಂಡಿದೀವಿ, ಯಾರತ್ರನಾದ್ರೂ ಬಾಯಿ ತಿದ್ದಿಸ್ಕೊಂಡು ಬಾ, ಅಂತ."

"ಯಾರತ್ರನಾದ್ರೂ ಅಂದ್ರಂತೆ!" ಎಂದ ಪಾಲಣ್ಣ. "ಮೇಷ್ಟ್ರು ಇಲ್ದೆ ಕಲ್ತೋಳು ಅಂದ್ಕಂಡವ್ರೆ."

"ಇನ್ನೊಂದು ಕೇಳಿ ಸಾ, ನಗು ಬತ್ತದೆ," ಎಂದಳು ಓಬಳಮ್ಮ. ನಿಜವಾಗಿ ನಕ್ಕಳು. "ಒಳಕ್ಕೆ ಕರೆಯೋಕೆ ಮುಂಚೆ ಬೆಂಚಿನ ಮ್ಯಾಲೆ ಕೂತಿದ್ನಲ್ಲ, ಗುಂಡು ತೂಗುಬುಟ್ಕೊಂಡು ಹೇಳ್ಕೊಂತಿದ್ದೆ. ಪಕ್ಕದಲ್ಲಿ ಒಬ್ಳು ಕಿರಿಸ್ತಾನರ ಹುಡುಗಿ, ಬೆಂಗಳೂರೋಳು. ಅಕ್ಕಾ ಅಂಗಲ್ಲ, ಮಾ ಮ್ಯಾಲೆ ಒತ್ತಬೇಕು ಅಂತ ಹೇಳಕ್ಕೆ ಬಂದ್ಲು. ಒಂದ್ಸಲ ಅಲ್ಲ, ನಾಕು ಸಲ. ನೀನು ಅಂದಾಜಿನ ಮ್ಯಾಲೆ ಹೇಳ್ತಿದೀಯ ಕಣಮ್ಮ, ನಮ್ಮ ಮೇಷ್ಟ್ರು ಅಳತೆ ಮಾಡವ್ರೆ ಅಂದೆ. ಬಾಯಿ ಮುಚ್ಕೊಂಡ್ಲು."

"ಅವಳಿಗೆ ಸೀಟು ಸಿಕ್ಕಿತೆ?" ತನ್ನ ಧ್ವನಿ ಬೇರೆ ಯಾರದೋ ಆಗಿ ಅವನಿಗೆ ಕೇಳಿಸಿತು.

"ಸಿಕ್ತು."

ಆ ಹೊತ್ತಿಗೆ ಮರುಳಸಿದ್ದಯ್ಯನವರು ರಿಜಿಸ್ಟರಿನೊಂದಿಗೆ ಮತ್ತೆ ಬಾಗಿಲಲ್ಲಿ ನಿಂತಿದ್ದರು. ಹುಡುಗಿಯ ಮಾತು ಕೇಳಿ ಒಳಗೆ ಬಂದು, ಕೈಕಟ್ಟಿಕೊಂಡು, ಬೀರುವಿಗೆ ಒರಗಿ ನಿಂತರು. ಅವರ ಭುಜದ ಹಿಂದೆ, ಮರದ ಬಾಗಿಲಿನ ಹಿಂದೆ, ಬೆಲ್‌ಜಾರಿನ ಹಿಂದೆ ಆ ಪುಸ್ತಕವಿತ್ತು. ನಾಲ್ಕು ಅಡಿ ದೂರ. ಬೀಗ ತೆಗೆಯಲು ಹತ್ತು ತೂಗು. ಎಂಟು ದಿನದಲ್ಲಿ ನೂರಾ ಒಂದು ಶಬ್ದ, ದಿನಕ್ಕೆ ಹದಿಮೂರು. ಇವಳು ದಿನಕ್ಕೆ ಮೂವತ್ತು ಕಲಿಯಬಲ್ಲಳು. ಲೆಕ್ಕ ತಾನಾಗಿಯೇ ಮುಗಿದು ಅವನ ಮುಂದೆ ನಿಂತಿತ್ತು.

"ಈಗ ನೀವು ಒಂದು ಮಾತು ಹೇಳಬೇಕು ಸಾ," ಎಂದಳು ಓಬಳಮ್ಮ. ಈಗ ನಗುತ್ತಿರಲಿಲ್ಲ. "ಅಪ್ಪಯ್ಯ ಇನ್ನೊಂದ್ ಸಲ ಬೆಂಗಳೂರು ಬ್ಯಾಡ ಅಂತದೆ. ತಾವರೆಕೆರೆಯೋರು ಯುಗಾದಿ ಆದ ಮಾರನೇ ದಿನ ಬತ್ತಾರೆ. ನಮ್ದು ತಪ್ಪು ಅಂತ ನೀವು ಹೇಳಿದ್ರೆ, ಅಪ್ಪಯ್ಯನ ಕಾಲು ಹಿಡಿದಾದ್ರೂ ಒಪ್ಪಿಸಿ, ಎಂಟು ದಿನದಲ್ಲಿ ತಿದ್ಕ್ಯಂಡು ಹೋಗ್ತೀನಿ. ನಮ್ದು ಸರಿ ಅನ್ನೋದಾದ್ರೆ, ಸರಿಯಾಗಿರೋದ್ನ ಬುಟ್ಟು ತಪ್ಪು ಹೇಳಕ್ಕೆ ಹೋಗಾಕಿಲ್ಲ ನಾನು. ನಮ್ದು ಸರಿ ತಾನೇ?"

ಮೂರು ಮುಖಗಳು ಅವನ ಕಡೆ ತಿರುಗಿದವು. ಪಂಡಿತರ ತುಟಿಯಂಚಿನಲ್ಲಿ ಒಂದು ನಗು ಎದ್ದು ಜಾಗ ಹುಡುಕುತ್ತಿತ್ತು. ತಪ್ಪು ಎಂದರೆ ನಾಳೆ ಹೆಡ್‌ಮಾಸ್ಟರಿಗೆ, ನಾಡಿದ್ದು ಇನ್‌ಸ್ಪೆಕ್ಟರಿಗೆ, ಕೊರಟಗೆರೆಯಲ್ಲಿ ಚಪ್ಪಾಳೆ ತಟ್ಟಿದ ಅಷ್ಟೂ ಜನಕ್ಕೆ. ಎಂದಿನಿಂದ ಗೊತ್ತಿತ್ತು ಎಂದು ಕೇಳುತ್ತಾರೆ. ಪುಸ್ತಕ ಎಲ್ಲಿತ್ತು ಎಂದು ಕೇಳುತ್ತಾರೆ. ಆದರೆ ಅದೂ ಅಲ್ಲ, ಅದನ್ನೂ ಸಹಿಸಬಹುದಿತ್ತೇನೋ. ಸಹಿಸಲಾಗದ್ದು ಪಾಲಣ್ಣನ ಮುಖ ಬದಲಾಗುವುದು. ಆ ಮುಖದಲ್ಲೂ ಮೀಸೆಯಿತ್ತು.

"ಅಳತೆ ಸರಿಯಾಗಿದೆ," ಎಂದ ಜಯರಾಮಯ್ಯ.

ಅದು ಸುಳ್ಳಲ್ಲ ಎಂದು ತಕ್ಷಣವೇ ಅವನ ತಲೆ ಹೇಳಿತು. ಇಪ್ಪತ್ತೈದು ಸೆಂಟಿಮೀಟರಿಗೆ ಅರ್ಧ ಸೆಕೆಂಡು. ಅಳತೆ ಸರಿಯಾಗಿಯೇ ಇತ್ತು.

"ಅಳೆದು ಕೊಟ್ಟದ್ದು ಸುಳ್ಳಾಗುತ್ತೇನಮ್ಮ!" ಎಂದು ಪಂಡಿತರು ನಕ್ಕು ಹೊರಟುಹೋದರು.

ಓಬಳಮ್ಮನ ಹುಬ್ಬಿನ ಗಂಟು ಬಿಚ್ಚಿತು. ಬೆಂಗಳೂರಿನಿಂದ ಹೊತ್ತು ತಂದದ್ದನ್ನು ಅವಳು ಇಳಿಸಿಬಿಟ್ಟಳೆಂಬುದು ಅವಳ ಹೆಗಲಿನಲ್ಲೇ ಕಾಣುತ್ತಿತ್ತು. ಇಷ್ಟು ತಿಂಗಳಲ್ಲಿ ಅವಳ ಮುಖ ಅಷ್ಟು ತಿಳಿಯಾದದ್ದನ್ನು ಅವನು ನೋಡಿರಲಿಲ್ಲ.

"ಅಂಗಾರೆ ನನ್ನದೇನೂ ತಪ್ಪಿಲ್ಲ."

"ಇಲ್ಲ."

"ಅಷ್ಟು ಗೊತ್ತಾದ್ರೆ ಸಾಕು ಸಾ. ಬಸ್ಸಿನಲ್ಲೆಲ್ಲ ಅದೇ ಯೋಚ್ನೆ. ನಾನೇ ಎಲ್ಲೋ ಹಾಳು ಮಾಡ್ಕಂಡ್ನೇನೋ, ನೀವು ಕಲಿಸಿದ್ದನ್ನ." ಗಂಟು ಬಿಚ್ಚಿ, ದಾರ ಸುತ್ತಿದ ಸೀಸದ ಗುಂಡನ್ನು ತೆಗೆದು ಮೇಜಿನ ಮೇಲಿಟ್ಟಳು. "ಇದು ಸ್ಕೂಲಿಂದು. ಇನ್ನು ನಂಗ್ಯಾಕೆ?"

"ಮೇಷ್ಟ್ರೇ ಹೇಳಿದ ಮ್ಯಾಕೆ ಇನ್ನೇನವ್ವ," ಎಂದು ಪಾಲಣ್ಣ ರುಮಾಲು ಸರಿಮಾಡಿಕೊಂಡ. "ಬಾ, ಊರ ಬಸ್ಸು ಹೊರಡ್ತದೆ. ಬತ್ತೀವಿ ಸಾಮಿ. ನಿಮ್ಮ ಋಣ ದೊಡ್ಡದು."

ಅವರು ಹೋದ ಮೇಲೆ ಅವನು ಬೀಗ ತೆಗೆದ. ಪುಸ್ತಕ ತೆಗೆದುಕೊಂಡು ಹೊರಗೆ ಬಂದ. ಬಸ್ ಸ್ಟ್ಯಾಂಡು ಎರಡು ಫರ್ಲಾಂಗು. ಕೊಡಿಗೇನಹಳ್ಳಿಯ ಬಸ್ಸಿಗೂ ಇದ್ದಿಲಿನ ಕುಲುಮೆ. ಕ್ಲೀನರು ಗಾಳಿಯ ಚಕ್ರ ತಿರುಗಿಸಿ ಬೆಂಕಿ ಎಬ್ಬಿಸಲು ಅರ್ಧ ಗಂಟೆ ಬೇಕು. ಆ ಚಕ್ರದ ಗರಗರ ಇಲ್ಲಿಗೇ ಕೇಳಿಸುತ್ತಿತ್ತು. ಓಡಬೇಕಾಗಿಯೂ ಇರಲಿಲ್ಲ. ನಡೆದುಕೊಂಡು ಹೋಗಿ, ಬಸ್ಸಿನ ಕಿಟಕಿಯಲ್ಲಿ ಪುಸ್ತಕ ಕೊಟ್ಟು, ನಾನು ತಪ್ಪು ಹೇಳಿದೆ ಎಂದರೆ ಮುಗಿಯಿತು. ನಾನು ತಪ್ಪು ಹೇಳಿದೆ. ಎಲ್ಲ ಸಣ್ಣ ಶಬ್ದಗಳು. ಒಂದನ್ನೂ ತುಂಡು ಮಾಡಬೇಕಾಗಿರಲಿಲ್ಲ. ಅವನು ಅಂಗಳ ದಾಟಿ ಗೇಟಿನ ತನಕ ಬಂದ. ಅಲ್ಲಿ ಅಟೆಂಡರ್ ಅಡವಯ್ಯ ಗಂಟೆಯ ಸುತ್ತಿಗೆ ಹಿಡಿದು, ತೂಗುಹಾಕಿದ ರೈಲುಕಂಬಿಯ ತುಂಡಿನ ಪಕ್ಕದಲ್ಲಿ ನಿಂತಿದ್ದ.

"ಎಲ್ಲೋ ಹೊರಟಂಗಿದೆ ಸ್ವಾಮಿ? ನಿಮ್ಮದೇ ಪೀರಿಯಡ್ಡು ಈಗ. ಗಂಟೆ ಹೊಡೀಲೋ, ನೀವು ಬರೋಗಂಟ ತಡೀಲೋ?"

ತಡೆ ಎನ್ನಬಹುದಿತ್ತು. ಅಡವಯ್ಯ ತಡೆಯುತ್ತಿದ್ದ. ಅವನು ಸುತ್ತಿಗೆ ಎತ್ತಿ ಹಿಡಿದು ಕಾಯುತ್ತಿದ್ದ ರೀತಿ ಹಾಗಿತ್ತು, ಸಂಜೆಯ ತನಕವಾದರೂ ಕಾಯುವವನಂತೆ. ಬಿಸಿಲಿಗೆ ಜಯರಾಮಯ್ಯನ ಗಲ್ಲದ ಗಾಯ ಮೊದಲ ಸಲ ಉರಿಯಿತು.

"ಹೊಡಿ," ಎಂದ.

ಪುಸ್ತಕವನ್ನು ಮತ್ತೆ ಬೆಲ್‌ಜಾರಿನ ಹಿಂದೆ ಇಟ್ಟು ತರಗತಿಗೆ ಹೋದ. ನಲವತ್ತು ಹುಡುಗರು ಎದ್ದು ನಿಂತು ಕೂತರು. ಅದರಲ್ಲಿ ಕೊಡಿಗೇನಹಳ್ಳಿ ಕಡೆಯವರು ಐದು ಜನ. ಮೇಜಿನ ಅಂಚಿಗೆ ದಾರ ಕಟ್ಟುವಾಗ, ಓಬಳಮ್ಮ ವಾಪಸು ಕೊಟ್ಟ ಗುಂಡು ಅವಳ ಗಂಟಿನಲ್ಲಿದ್ದು ಇನ್ನೂ ಬೆಚ್ಚಗಿದೆಯೆನಿಸಿತು. ಸೀಸ ಬೇಗ ಬಿಸಿಯಾಗುತ್ತದೆ, ಬೇಗ ಆರುತ್ತದೆ. ಇಂದು ಇಲ್ಲಿ ಸರಿಯಾದದ್ದನ್ನು ಹೇಳಿಕೊಟ್ಟರೆ ಶನಿವಾರ ಸಂಜೆಗೆ ಅದು ಆ ಐದು ಬಾಯಿಗಳಲ್ಲಿ ಅವಳ ಮನೆಯ ಜಗಲಿಗೆ ಮುಟ್ಟುತ್ತದೆ. ಮುಂದಿನ ವರ್ಷದ ಫಾರಮ್ಮಿನಲ್ಲೂ ಆ ಕಡೆಯವರು ಇರುತ್ತಾರೆ. ಅದರ ಮುಂದಿನ ವರ್ಷವೂ. ನಿವೃತ್ತಿಗೆ ಇನ್ನೂ ಹತ್ತೊಂಬತ್ತು ವರ್ಷ. ಅಷ್ಟೂ ವರ್ಷ ಪ್ರತಿ ದಿನ ಅವನು ಇದನ್ನೇ ಅಳೆದು ಕೊಡಬೇಕು. ಆಗ ಮಾತ್ರ, ಅವನು ಹೇಳಿದ್ದು ಆ ಹೆಣ್ಣಿನ ಪಾಲಿಗೆ ಸರಿಯಾಗಿ ಉಳಿಯುತ್ತದೆ. ಕರುಣೆಯೆಂದು ಇದಕ್ಕೆ ಹೆಸರಿಡಲು ಮನಸ್ಸು ಒಂದು ಗಳಿಗೆ ಹವಣಿಸಿತು. ಹೆಸರು ಹೊಂದಲಿಲ್ಲ.

ಕಿಟಕಿಯಾಚೆ ಬಸ್ಸು ಕೆಮ್ಮಿ, ಹೊಗೆಯುಗುಳಿ, ಕೊಡಿಗೇನಹಳ್ಳಿಯ ದಾರಿ ಹಿಡಿಯಿತು. ಸದ್ದು ಪೂರ್ತಿ ಅಡಗುವ ತನಕ ಜಯರಾಮಯ್ಯ ಗುಂಡನ್ನು ಬೆರಳಲ್ಲಿ ಹಿಡಿದೇ ನಿಂತಿದ್ದ. ಆಮೇಲೆ ಬಿಟ್ಟ. ಅದು ಆ ಕಡೆ ಹೋಯಿತು, ಈ ಕಡೆ ಬಂತು. ಕರಿಹಲಗೆಯ ಮೇಲೆ ಶಬ್ದ ಬರೆದಿತ್ತು, ನಾಲ್ಕು ತುಂಡಾಗಿ. ಎಚ್ಚರಿಸಲೆಂದು ರೂಲುಕಡ್ಡಿ ಎತ್ತಿ ಮೇಜಿಗೆ ಎರಡು ಏಟು ಹಾಕಿದ. ಒಂದು ಮೆಲ್ಲಗೆ, ಒಂದು ಜೋರಾಗಿ. ಆ ಸದ್ದು ತಾವರೆಕೆರೆಯ ಜಗಲಿಯದೆಂದು ಅವನಿಗೆ ಗೊತ್ತಾಗುವಷ್ಟರಲ್ಲಿ ಒಳಗಿನಿಂದ ಯಾರೋ ಎದ್ದು ಬರುವುದನ್ನು ಕಾಯುವವನಂತೆ ನಿಂತುಬಿಟ್ಟಿದ್ದ, ಕಣ್ಣು ಬಾಗಿಲ ಮೇಲೆ. ನಲವತ್ತು ಬಾಯಿಗಳು ಒಟ್ಟಿಗೆ ತೆರೆದುಕೊಂಡವು, ಮೂರನೆಯ ತುಂಡಿನ ಮೇಲೆ ಭಾರ ಬಿಟ್ಟು, ಒಂದೂ ತಪ್ಪದೆ.